11 ಹಾಳೆಯ ಬೀಗದ ಕೈ
ಬೀಗದ ಕೈ ಕೊಡಿ ಅಂದರೆ ಅದನ್ನು ಪ್ರಿಂಟ್ ತೆಗೆದು ಕೊಟ್ಟವರನ್ನು ನೋಡಿದ್ದೀರಾ? 2013ರಲ್ಲಿ ಅಮೆರಿಕದ ಲಾಡಾರ್ ಲೆವಿಸನ್ ಅದನ್ನೇ ಮಾಡಿದರು. ಅದು ಕಬ್ಬಿಣದ ಕೈ ಅಲ್ಲ, ಅಕ್ಷರಗಳ ಸಾಲಿನ ಡಿಜಿಟಲ್ ಕೀಲಿ. 11 ಹಾಳೆ, 4 ಪಾಯಿಂಟ್‌ನ ಇರುವೆಸಾಲಿನಂಥ ಅಕ್ಷರ. ಭೂತಗನ್ನಡಿ ಹಿಡಿದು ಓದಿದರೂ 2,560 ಅಕ್ಷರಗಳನ್ನು ಒಂದೂ ತಪ್ಪದೆ ಟೈಪ್ ಮಾಡಬೇಕು. ಕೀಲಿ ಕೇಳಿದ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದ್ದರು.

ಲೆವಿಸನ್ ಟೆಕ್ಸಾಸ್‌ನಲ್ಲಿ ಲಾವಾಬಿಟ್ ಎಂಬ ಇಮೇಲ್ ಸೇವೆ ನಡೆಸುತ್ತಿದ್ದರು. ಬಳಕೆದಾರರು ಸುಮಾರು 4 ಲಕ್ಷ. ಎಫ್‌ಬಿಐ ಕಣ್ಣಿದ್ದದ್ದು ಒಂದೇ ಖಾತೆಯ ಮೇಲೆ. ಯಾರದ್ದೆಂದು ಬಾಯಿ ಬಿಡುವಂತಿರಲಿಲ್ಲ, ಕೋರ್ಟಿನ ಕಟ್ಟಪ್ಪಣೆ. 2016ರಲ್ಲಿ ಬಿಡುಗಡೆಯಾದ ಕಡತದಲ್ಲಿ ಒಂದು ಕಡೆ ಮಸಿ ಬಳಿಯುವುದು ಮರೆತುಹೋಗಿತ್ತು. ಅಲ್ಲಿದ್ದದ್ದು ಅಮೆರಿಕದ ಬೇಹುಗಾರಿಕೆಯ ಗುಟ್ಟು ರಟ್ಟು ಮಾಡಿದ ಎಡ್ವರ್ಡ್ ಸ್ನೋಡೆನ್ ಅವರ ಇಮೇಲ್ ವಿಳಾಸ!

ಒಂದು ಖಾತೆ ತಾನೇ, ಕೊಟ್ಟಿದ್ದರೆ ಆಗ್ತಿತ್ತು ಅಲ್ವಾ? ಲೆವಿಸನ್ ಕೂಡ ಅದಕ್ಕೆ ಒಪ್ಪಿದ್ದರು. ಆ ಖಾತೆಯ ವಿವರ ಮಾತ್ರ ದಾಖಲಿಸುವ ಕೋಡ್ ನಾನೇ ಬರೆಯುತ್ತೇನೆ, 3,500 ಡಾಲರ್ ಕೊಡಿ ಅಂದರು. ಸರ್ಕಾರ ಒಪ್ಪಲಿಲ್ಲ. ಅದಕ್ಕೆ ಬೇಕಾಗಿದ್ದು ಸೈಟಿನ ಖಾಸಗಿ ಕೀಲಿ, ಅಂದರೆ ಸೈಟ್ ತನ್ನಲ್ಲೇ ಗುಟ್ಟಾಗಿ ಇಟ್ಟುಕೊಳ್ಳುವ ಕೀಲಿ.

ಜಗಳದ ತಿರುಳು ಇಲ್ಲಿದೆ. ಬ್ರೌಸರ್ ಮತ್ತು ಸೈಟ್ ನಡುವಿನ ಮಾತುಕತೆ ಗುಟ್ಟಾಗಿಡಲು ಆಗ ಚಾಲ್ತಿಯಲ್ಲಿದ್ದ ಒಂದು ವಿಧಾನ ಹೀಗಿತ್ತು: ನಿಮ್ಮ ಬ್ರೌಸರ್ ಒಂದು ಗುಟ್ಟಿನ ಸಂಖ್ಯೆ ಹುಟ್ಟಿಸಿ, ಅದನ್ನು ಸೈಟ್ ಎಲ್ಲರಿಗೂ ಕೊಡುವ ಬಹಿರಂಗ ಕೀಲಿಯಿಂದ ಬೀಗ ಹಾಕಿ ಕಳಿಸುತ್ತದೆ. ತೆರೆಯುವುದು ಖಾಸಗಿ ಕೀಲಿಯಿಂದ ಮಾತ್ರ. ಮುಂದಿನ ಮಾತುಕತೆಗೆಲ್ಲ ಆ ಸಂಖ್ಯೆಯೇ ಆಧಾರ. ನಿಮಗೂ ನನಗೂ ಗುಟ್ಟಿನ ಸಂಖ್ಯೆ ಬೇರೆ ಬೇರೆ, ಆದರೆ ಎಲ್ಲವನ್ನೂ ತೆರೆಯುವ ಖಾಸಗಿ ಕೀಲಿ ಒಂದೇ. ವಠಾರದ ಒಂದು ಮನೆ ನೋಡಬೇಕೆಂದು ಎಲ್ಲ ಮನೆಗೂ ಆಗುವ ಕೈ ಕೇಳಿದ ಹಾಗೆ. ಹಿಂದೆ ಯಾರಾದರೂ ಕದ್ದು ತುಂಬಿಟ್ಟುಕೊಂಡ ಡೇಟಾ ಇದ್ದರೆ ಅದೂ ತೆರೆದುಕೊಳ್ಳುತ್ತದೆ.

ಆ 11 ಹಾಳೆ ಕೋರ್ಟಿಗೆ ಸರಿಬರಲಿಲ್ಲ. ಕೀಲಿಯನ್ನು ಫೈಲ್ ರೂಪದಲ್ಲಿ ಕೊಡುವ ತನಕ ದಿನಕ್ಕೆ 5,000 ಡಾಲರ್ ದಂಡ. ಲೆವಿಸನ್ ಎರಡು ದಿನ ತಡೆದು ಕೀಲಿ ಕೊಟ್ಟರು, ಜತೆಗೇ ಅಂಗಡಿಗೂ ಬಾಗಿಲು ಹಾಕಿದರು. ಕೈ ಸಿಕ್ಕಿತು, ಮನೆಯೇ ಇರಲಿಲ್ಲ.

ಬ್ರೌಸರ್-ಸೈಟ್ ಮಾತುಕತೆಗೆ ಬೀಗ ಹಾಕುವ ನಿಯಮಾವಳಿಗೆ ಟಿಎಲ್‌ಎಸ್ ಎನ್ನುತ್ತಾರೆ. 2018ರಲ್ಲಿ ಬಂದ ಅದರ 1.3 ಆವೃತ್ತಿ ಈ ಹಳೆಯ ವಿಧಾನವನ್ನೇ ಕಿತ್ತುಹಾಕಿತು. ಈಗ ಪ್ರತಿ ಸಂಪರ್ಕಕ್ಕೂ ಎರಡೂ ಕಡೆಯವರು ಸೇರಿ ಹೊಸ ಗುಟ್ಟು ಹುಟ್ಟಿಸುತ್ತಾರೆ, ಕೆಲಸ ಮುಗಿದ ಮೇಲೆ ಎಸೆಯುತ್ತಾರೆ. ಖಾಸಗಿ ಕೀಲಿಯ ಕೆಲಸ 'ನಾನೇ ಆ ಸೈಟ್' ಎಂದು ಸಾಬೀತು ಮಾಡುವುದಷ್ಟೇ. ಹಾಗಾಗಿ ಕೀಲಿ ಸಿಕ್ಕರೂ ತುಂಬಿಟ್ಟ ಹಳೇ ಡೇಟಾ ತೆರೆಯದು. ಆದರೆ ಕೀಲಿ ಹಿಡಿದವರು ಆ ಸೈಟಿನ ವೇಷ ಹಾಕಿ ನಡುವೆ ನಿಂತುಕೊಳ್ಳಬಹುದು. ಆ ಕಿಂಡಿ ಇನ್ನೂ ಇದೆ.