ಗೊರಕೆಗೆ ಉಸಿರಾಟದ ವ್ಯಾಯಾಮ: ಫಲ ಕೊಟ್ಟದ್ದು ಉಸಿರೋ, ನಾಲಿಗೆಯೋ?

ಜೋರು ಗೊರಕೆ. ಇದ್ದಕ್ಕಿದ್ದಂತೆ ಸದ್ದಡಗುತ್ತದೆ. 10 ಸೆಕೆಂಡ್, 20 ಸೆಕೆಂಡ್. ಎದೆ ಏರಿಳಿಯುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಆಮೇಲೆ ಗೊರ್ ಅಂತ ಒಮ್ಮೆಲೇ ಉಸಿರೆಳೆದು ಮತ್ತೆ ಗೊರಕೆ ಶುರು. ಮಲಗಿದವರಿಗೆ ಇದರ ಅರಿವೇ ಇರುವುದಿಲ್ಲ. ಗಾಬರಿಯೆಲ್ಲ ಪಕ್ಕದವರಿಗೆ. ಇದೇ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ.

ತೊಂದರೆ ಇರುವುದು ಶ್ವಾಸಕೋಶದಲ್ಲಲ್ಲ, ಗಂಟಲಲ್ಲಿ. ನಾಲಿಗೆಯ ಹಿಂಭಾಗದ ದಾರಿ ಮೆತ್ತನೆಯ ಕೊಳವೆಯಂತಿದೆ. ಅದನ್ನು ತೆರೆದಿಡುವುದು ಸ್ನಾಯುಗಳೇ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ದಾರಿ ಮುಚ್ಚಿಕೊಳ್ಳುತ್ತದೆ.

1965ರಲ್ಲಿ ಯುರೋಪಿನ ಸಂಶೋಧಕರು ಇದನ್ನು ಗುರುತಿಸಿದಾಗ ಸರಿಯಾದ ಮದ್ದಿರಲಿಲ್ಲ. ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಬೇರೆ ದಾರಿ ಕೊಡುತ್ತಿದ್ದ ಕಾಲವೂ ಇತ್ತು. 1980ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನೇ ಗಾಳಿ ಊದುವಂತೆ ಉಲ್ಟಾ ಮಾಡಿ, ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಟ್ಟರು. ಇವತ್ತಿನ ಸಿಪ್ಯಾಪ್ ಮೆಷಿನ್ ಹುಟ್ಟಿದ್ದು ಹಾಗೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ರಾತ್ರಿಯೆಲ್ಲ ಮಾಸ್ಕ್ ಕಟ್ಟಿಕೊಂಡು ಮಲಗಬೇಕಲ್ವಾ? ಎಷ್ಟೋ ಜನ ಕೆಲವು ವಾರಕ್ಕೇ ಬೇಸತ್ತು ಮೂಲೆಗಿಡುತ್ತಾರೆ.

ಆ ಬೇಸರವೇ ವ್ಯಾಯಾಮದ ಕಡೆ ಕಣ್ಣು ಹಾಯಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಡಿಜರಿಡೂ ಕಲಿಸುತ್ತಿದ್ದವರೊಬ್ಬರು, ಅದನ್ನು ಊದುವವರ ಗೊರಕೆ ಕಡಿಮೆಯಾಗುವುದನ್ನು ಗಮನಿಸಿದರು. ಡಿಜರಿಡೂ ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆಯ ಮರದ ವಾದ್ಯ. ಮೂಗಲ್ಲಿ ಉಸಿರೆಳೆಯುತ್ತಲೇ ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯನ್ನು ಊದುತ್ತಿರಬೇಕು. 25 ರೋಗಿಗಳ ಮೇಲೆ 4 ತಿಂಗಳ ಪ್ರಯೋಗ ನಡೆಯಿತು. ಊದಿದವರಿಗೆ ಹಗಲಿನ ತೂಕಡಿಕೆ ಕಮ್ಮಿಯಾಯಿತು, ಉಸಿರು ನಿಲ್ಲುವುದೂ ಇಳಿಯಿತು. 2017ರಲ್ಲಿ ಇದಕ್ಕೆ ಇಗ್ ನೊಬೆಲ್ ಸಿಕ್ಕಿತು. ನಗು ತರಿಸುವ ಬಹುಮಾನ, ಆದರೆ ವಿಷಯ ಸುಮ್ನೆ ತಮಾಷೆಯದ್ದಲ್ಲ.

ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು 2009ರ ಬ್ರೆಜಿಲ್ ಅಧ್ಯಯನ. ಮಧ್ಯಮ ಮಟ್ಟದ ಆಪ್ನಿಯಾ ಇದ್ದ 31 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 3 ತಿಂಗಳು ನಾಲಿಗೆ, ಗಂಟಲಿಗೆ ಕಸರತ್ತು ಕೊಟ್ಟಿತು. ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಜಾರಿಸುವುದು, ಇಡೀ ನಾಲಿಗೆಯನ್ನು ಮೇಲಕ್ಕೆ ಹೀರಿ ಅಂಟಿಸುವುದು, ಬಾಯಿ ತೆರೆದು 'ಆ' ಅನ್ನುವುದು, ಬಲೂನ್ ಊದುವುದು. ಗಂಟೆಗೆ ಸರಾಸರಿ 22.4 ಸಲ ಉಸಿರು ಕಟ್ಟುತ್ತಿದ್ದುದು ಇಲ್ಲವೇ ತೀರಾ ಕಮ್ಮಿಯಾಗುತ್ತಿದ್ದುದು 13.7ಕ್ಕೆ ಇಳಿಯಿತು. ಇನ್ನೊಂದು ಗುಂಪಿಗೆ ಹೋಲಿಕೆಗೆಂದು ಕೊಟ್ಟ ಹುಸಿ ಚಿಕಿತ್ಸೆ ಏನು ಗೊತ್ತಾ? ದೀರ್ಘ ಉಸಿರಾಟ! ಅವರಲ್ಲಿ ಸುಧಾರಣೆಯೇ ಕಾಣಲಿಲ್ಲ.

ಅಂದರೆ ಎಲ್ಲರೂ 'ಉಸಿರಾಟದ ವ್ಯಾಯಾಮ' ಅನ್ನುವುದರಲ್ಲಿ ಕೆಲಸ ಮಾಡಿದ್ದು ಸ್ನಾಯುಗಳ ಕಸರತ್ತು. ಡಿಜರಿಡೂ ಊದುವಾಗ ದುಡಿಯುವುದೂ ಅವೇ ಇರಬೇಕು.

ಆದರೂ ಮಿತಿ ನೋಡಿ. 13.7 ಅಂದರೆ ಕಾಯಿಲೆ ಹೋಯಿತು ಅಂತಲ್ಲ, 5 ದಾಟಿದರೇ ಆಪ್ನಿಯಾ ಎನ್ನುತ್ತಾರೆ. ಪ್ರಯೋಗಗಳೆಲ್ಲ ಸಣ್ಣವು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯೂ ಪುರಾವೆಗಳು ಗಟ್ಟಿಯಿಲ್ಲ ಎಂದೇ ಹೇಳಿತು. ದಿನಾ ಅರ್ಧ ಗಂಟೆ ಬಿಡದೆ ಮಾಡುವುದೂ ಸುಲಭವಲ್ಲ. ಇನ್ನು, ಗೊರಕೆ ಕಮ್ಮಿಯಾದ ಮಾತ್ರಕ್ಕೆ ಉಸಿರು ಕಟ್ಟುವುದು ತಪ್ಪಿತು ಎಂದು ಮಾಸ್ಕ್ ಬಿಚ್ಚಿಡಬೇಡಿ. ಅದನ್ನು ಹೇಳಬೇಕಾದ್ದು ಇನ್ನೊಂದು ರಾತ್ರಿಯ ಸ್ಲೀಪ್ ಟೆಸ್ಟ್.