ಗಂಡಿಗೊಂದು ಹೆಸರು, ಹೆಣ್ಣಿಗೊಂದು ಹೆಸರು

ಮಳೆ ಹಿಡಿಯಿತು ಅಂದರೆ ಸಾಕು, ಗೋವಾದ ವಾಸ್ಕೋದ ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟ್ ಕೆಳಗೆ ಬೀಳುವ ಸಣ್ಣ ಕರಿ ಹುಳುಗಳೆಲ್ಲ "ರೆಕ್ಕೆ ಇರುವೆ" ಆಗಿಬಿಡುತ್ತವೆ. ಕಚ್ಚುತ್ತವೆ ಅಂತ ಹೆದರಿ ಸ್ಪ್ರೇ ಹೊಡೆಯುವವರೂ ಇದ್ದಾರೆ. ಆದರೆ ಎಲ್ಲವೂ ಇರುವೆಯಲ್ಲ. ಸ್ಪ್ರೇ ಕೆಳಗಿಟ್ಟು ಒಂದನ್ನಾದರೂ ಭೂತಗನ್ನಡಿಯಲ್ಲಿ ನೋಡಿ.

ಇರುವೆ ಅಂದಮೇಲೆ ಸೊಂಟದಲ್ಲಿ ಒಂದೋ ಎರಡೋ ಗಂಟು ಇರಲೇಬೇಕು. ಗಂಟಿಲ್ಲ, ತಲೆ ಚಪ್ಪಟೆ, ಬಾಯಿ ಕೆಳಗಲ್ಲ ಮುಂದಕ್ಕೆ ಚಾಚಿದೆ, ರೆಕ್ಕೆಯಲ್ಲಿ ನರಗಳೂ ಕಡಿಮೆ ಅಂದರೆ ಅದು ಚಪ್ಪಟೆ ಕಣಜ, ಅಂದರೆ ಬೆಥಿಲಿಡೇ ಕುಟುಂಬದ್ದು ಇರಬಹುದು. ಕುಡಿಮೀಸೆಯ (ಆಂಟೆನಾ) ಗಿಣ್ಣುಗಳನ್ನೂ ಎಣಿಸಿ. ಕುಟುಕುವ ಕಣಜಗಳಲ್ಲಿ ಸಾಮಾನ್ಯವಾಗಿ ಗಂಡಿಗೆ 13, ಹೆಣ್ಣಿಗೆ 12. ಆದರೆ ಚಪ್ಪಟೆ ಕಣಜಗಳಲ್ಲಿ ಇಬ್ಬರಿಗೂ ಸಮ, ಹೆಚ್ಚಿನವಕ್ಕೆ 13.

ಜಗತ್ತಿನಲ್ಲಿ ಇವುಗಳ 2,500ಕ್ಕೂ ಜಾಸ್ತಿ ಜಾತಿ ಗೊತ್ತಾಗಿವೆ. ಬಹುತೇಕ ಕೆಲವೇ ಮಿಲಿಮೀಟರ್ ಉದ್ದ. ತೆಂಗು ಬೆಳೆಯುವವರಿಗೆ ಒಂದಂತೂ ಗೊತ್ತಿರಬಹುದು, ಗೋನಿಯೋಜಸ್ ನೆಫಾಂಟಿಡಿಸ್. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ಕುಟುಕಿ ಅಲ್ಲಾಡದಂತೆ ಮಾಡಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ತಾಯಿ ಅಲ್ಲೇ ಕಾವಲು ಕೂರುತ್ತದೆ. ಲ್ಯಾಬಿನಲ್ಲಿ ಬೆಳೆಸಿ ತೋಟಕ್ಕೆ ಬಿಡುತ್ತಾರೆ. ಇಲ್ಲಿ ಗುರುತು ತಪ್ಪಿ ಬೇರೆ ಕಣಜ ಬೆಳೆಸಿದರೆ ಪಟ್ಟ ಪಾಡೆಲ್ಲ ದಂಡ, ಅಲ್ವಾ?

ಚಪ್ಪಟೆ ಕಣಜಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಡಿಸ್ಸೋಂಫಾಲಸ್ ಅನ್ನುವ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು. 1893ರಲ್ಲಿ ಅಮೆರಿಕದ ಕೀಟತಜ್ಞ ಆಶ್‌ಮೀಡ್ ಇದಕ್ಕೆ ಹೆಸರಿಟ್ಟರು. ಗಂಡಿನ ಹೊಟ್ಟೆಯ ಎರಡನೇ ಫಲಕದ ಮೇಲೆ ನೋಡಬೇಕು. ಹೆಚ್ಚಿನ ಜಾತಿಗಳಲ್ಲಿ ಅಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕುಳಿ, ಇಲ್ಲವೇ ಉಬ್ಬು. ಕೆಲವಕ್ಕೆ ಅದರೊಳಗಿಂದ ಕೂದಲಿನ ಕುಚ್ಚು ಎದ್ದಿರುತ್ತದೆ. ಕುಳಿಗಳು ಹತ್ತಿರವೋ ದೂರವೋ, ಕುಚ್ಚು ಯಾವ ಕಡೆ ಬಾಗಿದೆ, ಇಂಥವನ್ನೆಲ್ಲ ನೋಡಿ, ಆಮೇಲೆ ಜನನಾಂಗ ಬಿಡಿಸಿ ನೋಡಿ ಜಾತಿ ಹೇಳುತ್ತಾರೆ.

ಇದೆಲ್ಲ ಗಂಡಿನ ಕಥೆ. ಹೆಣ್ಣಿಗೆ ಕುಳಿಯಿಲ್ಲ, ಕುಚ್ಚಿಲ್ಲ, ರೆಕ್ಕೆಯೇ ಇಲ್ಲ! ಕಣ್ಣೂ ಇದ್ದೂ ಇಲ್ಲದ ಹಾಗೆ. ಮಣ್ಣಿನಲ್ಲಿ, ತರಗೆಲೆಯಡಿ ಇರುವೆಯಂತೆ ಓಡಾಡಿಕೊಂಡಿರುತ್ತದೆ. ಗಂಡು ಸಿಗುವುದು ಹಾರುವ ಹುಳುಗಳಿಗೆ ಕಟ್ಟಿದ ಬಲೆಯಲ್ಲಿ, ಹೆಣ್ಣು ಸಿಗುವುದು ತರಗೆಲೆ ಜಾಲಿಸಿದಾಗ. ಒಂದನ್ನು ನೋಡಿ ಇನ್ನೊಂದು ಇದರದ್ದೇ ಜೋಡಿ ಅನ್ನಲು ಯಾವ ಸುಳಿವೂ ಇಲ್ಲ. ಗಂಡನ ರೇಷನ್ ಕಾರ್ಡ್ ಒಂದೂರಲ್ಲಿ, ಹೆಂಡತಿಯದ್ದು ಇನ್ನೊಂದೂರಲ್ಲಿ ಇದ್ದ ಹಾಗೆ. ಹಾಗಾಗಿಯೇ ಈ ಕುಲದ ಬಳಗದಲ್ಲಿ ಗಂಡು ಮಾತ್ರ ಗೊತ್ತಿರುವ ಜಾತಿಗಳು ಬೇಕಾದಷ್ಟಿವೆ. ಒಂದೇ ಜಾತಿಯ ಗಂಡಿಗೊಂದು, ಹೆಣ್ಣಿಗೊಂದು ಹೆಸರು ಬಿದ್ದಿರಲೂಬಹುದು.

ಜೋಡಿ ಕೂಡಿಸಲು ದಾರಿ ಎರಡು. ಒಂದು, ಕೂಡಿಕೊಂಡಿರುವಾಗಲೇ ಸಿಗಬೇಕು. ಈ ಬಳಗದ ಕೆಲವು ಗಂಡುಗಳು ಹೆಣ್ಣನ್ನು ಅಂಟಿಸಿಕೊಂಡೇ ಹಾರುತ್ತವೆ, ಅದೃಷ್ಟವಿದ್ದರೆ ಎರಡೂ ಒಟ್ಟಿಗೆ ಬಲೆಗೆ ಬೀಳುತ್ತವೆ. ಇನ್ನೊಂದು ಡಿಎನ್‌ಎ. ಕಾಲಿನ ಒಂದು ತುಂಡು ಸಾಕು. ಹೊಂದಿಕೆಯಾದರೆ ಎರಡು ಹೆಸರಲ್ಲಿ ಮೊದಲು ಇಟ್ಟದ್ದು ಉಳಿಯುತ್ತದೆ, ಆಮೇಲೆ ಇಟ್ಟದ್ದು ಹೋಗುತ್ತದೆ, ಅದು ಹೆಣ್ಣಿನದ್ದಾಗಲಿ ಗಂಡಿನದ್ದಾಗಲಿ.