ಮೂರೂವರೆ-ಏಳರ ಟೇಬಲ್ ಬಳ್ಳಾರಿಗೆ ಬಂದ ದಾರಿ

ನಾನು ಭಾನುವಾರ ಹೋಗಿ ಕೂರುವ ಪೂಲ್ ಪಾರ್ಲರ್‌ನಲ್ಲಿ ಒಂದು ಮೋಟು ಕ್ಯೂ ಇದೆ. ಕ್ಯೂ ಅಂದ್ರೆ ಬಾಲ್ ಹೊಡೆಯುವ ಕೋಲು. ಬಳ್ಳಾರಿಯ ಹಳೇ ಕಟ್ಟಡದ ಮೊದಲ ಮಹಡಿ, ಉದ್ದನೆಯ ಕೋಣೆ, ಎರಡು ಟೇಬಲ್. ಗೋಡೆಯ ಆಚೆ ಜೀನ್ಸ್ ಹೊಲಿಯುವ ಮಿಷಿನ್‌ಗಳ ಸದ್ದು. ಕ್ಯೂನಿಂದ ಹೊಡೆಯೋದು ವೈಟ್ ಬಾಲನ್ನು ಮಾತ್ರ. ಅದು ಆ ಗೋಡೆ ಕಡೆಯ ಕುಷನ್‌ಗೆ, ಅಂದ್ರೆ ಟೇಬಲ್ ಅಂಚಿಗೆ, ಅಂಟಿಕೊಂಡು ನಿಂತರೆ ಪೂರ್ತಿ ಕ್ಯೂ ಹಿಂದೆ ಎಳೆಯಲು ಜಾಗ ಸಾಲಲ್ಲ. ಆಗ ಮೂಲೆಯಿಂದ ಮೋಟು ಬರುತ್ತದೆ. ಮುರಿದ ಕ್ಯೂವನ್ನೇ ಮೂರಡಿಗೆ ಕೊಯ್ದು, ಹಿಂಬದಿಗೆ ಸೈಕಲ್ ಟ್ಯೂಬ್ ಸುತ್ತಿ ಮಾಡಿದ್ದು. ಹೊಸಬರು ಉದ್ದ ಕ್ಯೂನಲ್ಲೇ ಹೊಡೆಯಲು ಹೋಗಿ ಗೋಡೆಗೆ ಎಷ್ಟು ಗುದ್ದಿದ್ದಾರೆ ಅಂದ್ರೆ, ಸೊಂಟದ ಎತ್ತರದಲ್ಲಿ ಸುಣ್ಣವೇ ಉಳಿದಿಲ್ಲ.

ಅದೇ ಗೋಡೆಗೆ ಡ್ರಾಯಿಂಗ್ ಶೀಟಿನಲ್ಲಿ ಬರೆದ ಟೂರ್ನಮೆಂಟ್ ಡ್ರಾ, ಅಂದ್ರೆ ಯಾರಿಗೆ ಯಾರು ಎದುರು ಅನ್ನೋ ಪಟ್ಟಿ, ಅಂಟಿಸಿರುತ್ತಾರೆ. 32 ಹೆಸರು. ಮೆಡಿಕಲ್ ಕಾಲೇಜ್ ಹುಡುಗರು, ತೋರಣಗಲ್ಲಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಕಣ್ಣು ಉಜ್ಜಿಕೊಂಡು ಬಂದವರು, ಮೊಬೈಲ್ ಅಂಗಡಿಯವರು, ಹೊಸಪೇಟೆಯಿಂದ ಬೈಕಿನಲ್ಲಿ ಬಂದ ಇಬ್ಬರು. ಬೆಳಿಗ್ಗೆ ಎಂಟ್ರಿ ಫೀ, ರಾತ್ರಿ ಕಪ್. ನಾಲ್ಕೈದು ವರ್ಷದ ಹಿಂದೆ ಇಂಥದ್ದು ಯಾವಾಗಲೋ ಒಂದು ನಡೆಯುತ್ತಿತ್ತು. ಈಗ ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ಮೆಸೇಜ್ ವಾಟ್ಸಾಪ್‌ಗೆ ಬಂದಿರುತ್ತದೆ. ಎಲ್ಲವೂ ಚಿಕ್ಕ ಪೂಲ್ ಟೇಬಲ್ ಮೇಲೆ, ಮೂರೂವರೆ ಅಡಿ ಅಗಲ, ಏಳು ಅಡಿ ಉದ್ದದ್ದು. ಸ್ನೂಕರ್‌ನ ದೊಡ್ಡ ಟೇಬಲ್ ಮೇಲೆ ಹೀಗೆ ಒಂದೇ ದಿನದಲ್ಲಿ ಮುಗಿಯುವ ಟೂರ್ನಮೆಂಟ್ ಇಲ್ಲಿ ನಾನಂತೂ ನೋಡಿಲ್ಲ.

ಚಿಕ್ಕ ಟೇಬಲ್ ಸುಲಭ, ಅದಕ್ಕೇ ಎಲ್ಲರೂ ಅಲ್ಲಿಗೆ ಬರ್ತಾರೆ ಅನ್ನೋದು ಸ್ನೂಕರ್ ಆಡುವವರ ಮಾತು. ನನಗೆ ಹಾಗೆ ಅನಿಸಲ್ಲ. ಕೋಣೆಯ ಅಳತೆ ಮತ್ತು ಗಡಿಯಾರ, ಈ ಎರಡು ಸೇರಿ ಮಾಡಿದ ಕೆಲಸ ಇದು.

ಮೊದಲು ದೊಡ್ಡ ಟೇಬಲ್ ವಿಷಯ ನೋಡೋಣ. ಅದು ಬಂದಿದ್ದು ದಂಡಿನ ಜೊತೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಊರಿಗೆ ಕಂಟೋನ್ಮೆಂಟ್ ಬಂತು, ಆ ಹೆಸರು ಇವತ್ತಿಗೂ ಇದೆ. ಬ್ರಿಟಿಷ್ ಆಫೀಸರ್‌ಗಳು ನೆಲೆಸಿದ ಊರಿಗೆ ಕ್ಲಬ್ ಬರುತ್ತಿತ್ತು, ಕ್ಲಬ್‌ಗೆ ಬಿಲಿಯರ್ಡ್ಸ್ ಟೇಬಲ್ ಬರುತ್ತಿತ್ತು. 12 ಅಡಿ ಉದ್ದ, 6 ಅಡಿ ಅಗಲ. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಕೂತವರು ಅದರ ಮೇಲೆ ಹೊಸ ಹೊಸ ಆಟ ಕಟ್ಟಿದರು. 1875ರಲ್ಲಿ ಜಬಲ್ಪುರದಲ್ಲಿ ನೆವಿಲ್ ಚೇಂಬರ್ಲೇನ್ ಅನ್ನೋ ಯುವ ಆಫೀಸರ್, ಆಗ ನಡೆಯುತ್ತಿದ್ದ ಬ್ಲ್ಯಾಕ್ ಪೂಲ್ ಎಂಬ ಆಟಕ್ಕೆ ಇನ್ನಷ್ಟು ಬಣ್ಣದ ಬಾಲ್ ಸೇರಿಸಿದ. ಅದೇ ಸ್ನೂಕರ್ ಆಯಿತು. (ಬ್ರಿಟನ್ ಪ್ರಧಾನಿಯಾಗಿದ್ದ ಚೇಂಬರ್ಲೇನ್ ಬೇರೆ, ಇವನು ಬೇರೆ.) ಅದರ ನಿಯಮ ಬರೆದು ಗೋಡೆಗೆ ಹಾಕಿದ್ದು 1880ರ ದಶಕದಲ್ಲಿ, ಊಟಿ ಕ್ಲಬ್‌ನಲ್ಲಿ. ಆಗ ಊಟಿಯೂ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಂದ್ರೆ ಪೂಲನ್ನು ಸ್ನೂಕರ್‌ನ ತಮ್ಮ ಅಂತ ಕೀಳಾಗಿ ನೋಡೋರು ಒಂದು ಗಮನಿಸಬೇಕು. ಸ್ನೂಕರ್ ಹುಟ್ಟಿದ್ದೇ ಒಂದು ಬಗೆಯ ಪೂಲ್‌ನಿಂದ.

ಕ್ಲಬ್‌ನಲ್ಲಿ ಟೇಬಲ್ ಉಜ್ಜಿ, ಬಾಲ್ ಜೋಡಿಸಿ, ಸ್ಕೋರ್ ಹೇಳಲು ಒಬ್ಬ ಆಳು ಇರುತ್ತಿದ್ದ. ಅವನು ಮಾರ್ಕರ್. ದಿನವಿಡೀ ಟೇಬಲ್ ಪಕ್ಕ ನಿಂತು ನಿಂತು ಆಟ ಮೆಂಬರ್‌ಗಳಿಗಿಂತ ಅವನಿಗೇ ಚೆನ್ನಾಗಿ ಬರುತ್ತಿದ್ದದ್ದು ಉಂಟು. ಕ್ಲಬ್ ಕಾಲ ಹೋದರೂ ಪದ ಉಳಿದಿದೆ. ನಮ್ಮ ಪಾರ್ಲರ್‌ನಲ್ಲೂ ಟೈಮ್ ಬರೆದುಕೊಳ್ಳುವವರನ್ನು ಎಲ್ಲರೂ ಮಾರ್ಕರ್ ಅಣ್ಣ ಅಂತಲೇ ಕರೆಯುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೂ ಆಟ ಬಹಳ ಕಾಲ ಮೆಂಬರ್‌ಶಿಪ್ ಗೋಡೆಯ ಒಳಗೇ ಇತ್ತು. 1958ರಲ್ಲಿ ಭಾರತದ ವಿಲ್ಸನ್ ಜೋನ್ಸ್ ಕಲ್ಕತ್ತಾದಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದರು. ಕರ್ನಾಟಕದ ಮಟ್ಟಿಗೆ ದೊಡ್ಡ ತಿರುವು ಬೆಂಗಳೂರಿನ ಪಂಕಜ್ ಆಡ್ವಾಣಿ. ಅರವಿಂದ ಸವೂರ್ ಬಳಿ ಕಲಿತ ಹುಡುಗ 2003ರಲ್ಲಿ ವಿಶ್ವ ಸ್ನೂಕರ್ ಗೆದ್ದಾಗ ಇನ್ನೂ 18 ವರ್ಷ. ಅಲ್ಲಿಗೆ ಕ್ಯೂ ಹಿಡಿಯೋದು ಪೋಲಿ ಹುಡುಗರ ಕೆಲಸ ಅನ್ನೋ ಮಾತು ಸ್ವಲ್ಪ ತಗ್ಗಿತು. ಆದರೆ ಅದೆಲ್ಲ ನಡೆದಿದ್ದು ಮುನ್ನೂರು ಕಿಲೋಮೀಟರ್ ಆಚೆ, ದೊಡ್ಡ ಹಾಲ್‌ಗಳಲ್ಲಿ.

ಚಿಕ್ಕ ಟೇಬಲ್‌ನ ಕತೆ ಬೇರೆ ದೇಶದ್ದು. ಅಮೆರಿಕದಲ್ಲಿ ದೊಡ್ಡ ಸ್ಪರ್ಧೆಗಳ ಪೂಲ್ ಟೇಬಲ್ 9 ಅಡಿಯದು. 1950-60ರ ದಶಕಗಳಲ್ಲಿ ಅಲ್ಲಿನ ಬಾರ್‌ಗಳಿಗೆ ನಾಣ್ಯ ಹಾಕಿದರೆ ಬಾಲ್ ಹೊರಗೆ ಬಿಡುವ ಟೇಬಲ್ ಬಂತು. ಬಾರ್‌ನಲ್ಲಿ ಜಾಗ ಎಲ್ಲಿರುತ್ತೆ? ಹಾಗಾಗಿ 7 ಅಡಿ. ಆಟ ಬೇಗ ಮುಗಿದಷ್ಟೂ ಮಾಲೀಕನಿಗೆ ಲಾಭ, ಮುಂದಿನ ನಾಣ್ಯ ಬೇಗ ಬೀಳುತ್ತದೆ.

ಇದರಲ್ಲಿ ಒಂದು ಮಜಾ ತೊಡಕಿತ್ತು. ಪಾಕೆಟ್‌ಗೆ, ಅಂದ್ರೆ ಟೇಬಲ್ ಅಂಚಿನ ತೂತಿಗೆ, ಬಿದ್ದ ಬಾಲ್ ಮುಂದಿನ ನಾಣ್ಯದವರೆಗೆ ಟೇಬಲ್ ಹೊಟ್ಟೆಯಲ್ಲೇ ಇರಬೇಕು. ಸರಿ, ತಪ್ಪಿ ವೈಟ್ ಬಿದ್ದರೆ? ಅದೊಂದು ಮಾತ್ರ ವಾಪಸ್ ಬರಬೇಕಲ್ಲ. ಹಾಗಾಗಿ ವೈಟನ್ನು ಉಳಿದವುಗಳಿಗಿಂತ ತುಸು ದಪ್ಪ ಮಾಡಿದರು. ಇಲ್ಲವೇ ಒಳಗೆ ಕಬ್ಬಿಣ ಸೇರಿಸಿ, ಮ್ಯಾಗ್ನೆಟ್‌ನಿಂದ ಬೇರೆ ದಾರಿಗೆ ಎಳೆದುಕೊಳ್ಳುವಂತೆ ಮಾಡಿದರು. ಭಾರ ಜಾಸ್ತಿಯಾದ ವೈಟ್, ಬೇರೆ ಬಾಲ್‌ಗೆ ಬಡಿದ ಮೇಲೆ ಹಿಂದಕ್ಕೆ ಬಾ ಅಂದರೆ ಸುಲಭಕ್ಕೆ ಬರಲ್ಲ. ಬಾರ್ ಟೇಬಲ್ ಆಟಗಾರರ ಕೈಯೇ ಬೇರೆ ಅನ್ನುತ್ತಿದ್ದದ್ದು ಇದಕ್ಕೇ.

1979ರಲ್ಲಿ ಟೆರ್ರಿ ಬೆಲ್, ಲ್ಯಾರಿ ಹಬ್ಬಾರ್ಟ್ ಎಂಬ ಇಬ್ಬರು ಆಟಗಾರರು ಅಲ್ಲಿ ಒಂದು ಲೀಗ್ ಶುರು ಮಾಡಿದರು. ಅದೇ ಮುಂದೆ ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ ಆಯಿತು. ವಾರಕ್ಕೊಮ್ಮೆ ಬಾರ್‌ಗಳಲ್ಲಿ ಆಡುವ ಸಾಮಾನ್ಯ ಜನರ ಲೀಗ್ ಅದು. ಆಟಗಾರನ ಮಟ್ಟ ನೋಡಿ ಹ್ಯಾಂಡಿಕ್ಯಾಪ್ ಕೊಡುತ್ತಾರೆ. ಚೆನ್ನಾಗಿ ಆಡುವವನು ಜಾಸ್ತಿ ಗೇಮ್ ಗೆಲ್ಲಬೇಕು, ಹೊಸಬನಿಗೆ ಕಮ್ಮಿ ಸಾಕು. ಈಗ ಲಾಸ್ ವೇಗಸ್‌ನಲ್ಲಿ ನಡೆಯುವ ಅವರ ಚಾಂಪಿಯನ್‌ಶಿಪ್‌ಗೆ ಸಾವಿರಾರು ಜನ ಬರುತ್ತಾರೆ, 7 ಅಡಿಯ ಟೇಬಲ್‌ಗಳ ಸಾಲುಸಾಲೇ ಇರುತ್ತದೆ. ನಮ್ಮಲ್ಲಿ "ಬಾ, ಎರಡು ಬಾಲ್ ಕೊಡ್ತೀನಿ" ಅನ್ನೋದು ಇದೇ ಲೆಕ್ಕ. ಕಾಗದದ ಮೇಲೆ ಇಲ್ಲ, ಅಷ್ಟೇ.

ಹೆಸರಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷ್‌ನಲ್ಲಿ ಪೂಲ್ ಅಂದ್ರೆ ಎಲ್ಲರೂ ಸೇರಿಸಿ ಒಡ್ಡಿದ ಪಣ. ಅಮೆರಿಕದಲ್ಲಿ ಪೂಲ್‌ರೂಮ್ ಅಂದರೆ ಮೊದಲು ಕುದುರೆ ರೇಸಿಗೆ ದುಡ್ಡು ಕಟ್ಟುವ ಜಾಗ. ರೇಸಿನ ಸುದ್ದಿ ಬರುವವರೆಗೆ ಜನ ಸುಮ್ನೆ ಕೂರಬಾರದು ಅಂತ ಟೇಬಲ್ ಹಾಕಿದರು. ರೇಸ್ ಹೋಯಿತು, ಹೆಸರು ಟೇಬಲ್‌ಗೆ ಅಂಟಿಕೊಂಡಿತು. ಅದರ ಜೊತೆ ಕೆಟ್ಟ ಹೆಸರೂ. ನಮ್ಮ ಮನೆಗಳಲ್ಲಿ ಈಗಲೂ "ಎಲ್ಲಿ ಹೋಗಿದ್ದೆ?" ಅಂದ್ರೆ ಪೂಲ್ ಅಂತ ಯಾರೂ ಹೇಳಲ್ಲ, ಅಲ್ವಾ? ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಸೆಕ್ಷನ್ ಬರೀ ಕೌಶಲದ ಆಟವನ್ನು ಜೂಜಿನಿಂದ ಬೇರೆಯಾಗಿ ನೋಡುತ್ತದೆ. ಕಾನೂನು ಏನೇ ಹೇಳಲಿ, ಸೋತವನು ಟೇಬಲ್ ದುಡ್ಡು ಕೊಡೋದು ಪಾರ್ಲರ್‌ಗಳ ಹಳೇ ಪದ್ಧತಿ. ನೋಡುವವರ ಕಣ್ಣಿಗೆ ಅದೇ ಪಣದ ಹಾಗೆ ಕಾಣುತ್ತದೆ. ಟೂರ್ನಮೆಂಟ್ ಬಂದ ಮೇಲೆ ಆ ಮುಜುಗರ ಕಮ್ಮಿಯಾಗಿದೆ. ಡ್ರಾ, ಕಪ್, ಗುಂಪು ಫೋಟೊ ಎಲ್ಲ ಇದ್ದರೆ ಅಪ್ಪನ ಮುಂದೆ ಹೇಳಿಕೊಳ್ಳಬಹುದು.

ಇನ್ನು ನಮ್ಮ ಊರಿನ ಲೆಕ್ಕ. ಸ್ನೂಕರ್ ಟೇಬಲ್ ಸುತ್ತ ಕ್ಯೂ ಆಡಿಸಲು ಹೆಚ್ಚುಕಮ್ಮಿ 22 ಅಡಿಗೆ 16 ಅಡಿಯ ಕೋಣೆ ಬೇಕು. 352 ಚದರಡಿ. ಮೂರೂವರೆ-ಏಳರ ಟೇಬಲ್‌ಗೆ 16ಕ್ಕೆ 13 ಸಾಕು, 208 ಚದರಡಿ. ನಮ್ಮ ಪಾರ್ಲರ್‌ನಲ್ಲಿ ಅದಿರಿನ ದುಡ್ಡು ಊರೆಲ್ಲ ಓಡಾಡುತ್ತಿದ್ದ ಕಾಲದಲ್ಲಿ ದೊಡ್ಡ ಟೇಬಲ್ ಇತ್ತು. ಆಗ ಹಾಲ್ 24 ಅಡಿ ಅಗಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಂಟೆಗಟ್ಟಲೆ ಆಡಿ ಲೆಕ್ಕ ಕೇಳದೆ ದುಡ್ಡು ಇಡುತ್ತಿದ್ದವರು ಬರೋದು ನಿಂತಿತು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಮಾಲೀಕರು ಅರ್ಧ ಹಾಲನ್ನು ಜೀನ್ಸ್ ಯೂನಿಟ್‌ಗೆ ಬಿಟ್ಟು ಮಧ್ಯೆ ಗೋಡೆ ಎಬ್ಬಿಸಿದರು. ಉಳಿದ 12 ಅಡಿ ಅಗಲದಲ್ಲಿ ಎರಡು ಚಿಕ್ಕ ಟೇಬಲ್ ಒಂದರ ಹಿಂದೆ ಒಂದು ಕೂತವು. ಬೇಕಾದ್ದಕ್ಕಿಂತ ಒಂದಡಿ ಕಮ್ಮಿ. ಮೋಟು ಕ್ಯೂ ಹುಟ್ಟಿದ್ದು ಆ ಒಂದಡಿಯಿಂದ.

ಟೂರ್ನಮೆಂಟ್ ಹುಟ್ಟಿದ್ದು ಗಡಿಯಾರದಿಂದ. 32 ಜನರ ನಾಕೌಟ್‌ಗೆ 31 ಮ್ಯಾಚ್ ಬೇಕು, ಯಾಕಂದ್ರೆ ಒಂದು ಮ್ಯಾಚ್ ಒಬ್ಬನನ್ನು ಮನೆಗೆ ಕಳಿಸುತ್ತದೆ. ಇಲ್ಲಿ ಆಡೋದು ಎಂಟು-ಬಾಲ್, ಅಂದ್ರೆ ತನ್ನ ಪಾಲಿನ ಏಳು ಬಾಲ್ ಹಾಕಿ ಕೊನೆಗೆ ಬ್ಲ್ಯಾಕ್ ಬಾಲ್ ಹಾಕಿದವನು ಗೆಲ್ಲುವ ಆಟ. ಒಂದು ಆಟ ಎಂಟೊಂಬತ್ತು ನಿಮಿಷ. ಮೊದಲು ಮೂರು ಗೆದ್ದವನು ಪಾಸ್ ಅಂದರೆ ಮ್ಯಾಚ್‌ಗೆ ಸುಮಾರು 35 ನಿಮಿಷ. ಎರಡು ಟೇಬಲ್ ಇದ್ದರೆ ಒಂಬತ್ತು ಗಂಟೆ ಆಟ. ಟೀ, ಜಗಳ, ಕರೆಂಟ್ ಕಟ್ ಸೇರಿಸಿದರೂ ರಾತ್ರಿ ಹತ್ತಕ್ಕೆ ಕಪ್. ಸ್ನೂಕರ್‌ನಲ್ಲಿ ನಮ್ಮಂಥವರ ಒಂದು ಫ್ರೇಮೇ (ಒಂದು ಗೇಮ್) ಅರ್ಧ ಗಂಟೆ ತಿನ್ನುತ್ತದೆ. ಮೂರು ಫ್ರೇಮ್‌ನ ಮ್ಯಾಚ್ ಇಟ್ಟರೂ ಎರಡು ಟೇಬಲ್ ಮೇಲೆ ಇಪ್ಪತ್ತು ಗಂಟೆ ಹತ್ತಿರ ಬೇಕು. ಸೋಮವಾರ ಡ್ಯೂಟಿಗೆ ಹೋಗೋರು ಯಾರು?

ಹಾಗಂತ ಆಟ ಸುಲಭವಾಗಿಲ್ಲ. ದೂರದ ಶಾಟ್ ಕಮ್ಮಿ, ಅದು ನಿಜ. ಆದರೆ ಬಾಲ್ ಮಾತ್ರ 9 ಅಡಿಯ ಪೂಲ್ ಟೇಬಲ್‌ನದ್ದೇ, ಅದೇ 57 ಮಿಲಿಮೀಟರ್, ಅದೇ ಹದಿನಾರು. ಜಾಗ ಮಾತ್ರ ಕಮ್ಮಿ. ಸಂತೆಯಲ್ಲಿ ಸೈಕಲ್ ತಳ್ಳಿದ ಹಾಗೆ. ಬ್ರೇಕ್, ಅಂದ್ರೆ ಮೊದಲ ಶಾಟ್, ಆದ ಮೇಲೆ ನಾಲ್ಕೈದು ಬಾಲ್ ಒಂದಕ್ಕೊಂದು ಒರಗಿ ನಿಂತಿರುತ್ತವೆ. ನಿನ್ನ ಬಾಲ್ ಕಾಣುತ್ತದೆ, ಅದರ ದಾರಿಯಲ್ಲಿ ಎದುರಾಳಿಯದೊಂದು. ವೈಟ್ ಎರಡಿಂಚು ಜಾಸ್ತಿ ಉರುಳಿದರೂ ಮುಂದಿನ ಶಾಟ್ ಇಲ್ಲ. ಕಳೆದ ಸಲ ಫೈನಲ್‌ನಲ್ಲಿ ಒಬ್ಬ ಮೆಡಿಕಲ್ ಹುಡುಗ ಬ್ಲ್ಯಾಕ್ ಒಂದೇ ಉಳಿಸಿಕೊಂಡಿದ್ದ. ಮಧ್ಯದ ಪಾಕೆಟ್‌ನಿಂದ ಒಂದು ಗೇಣು ದೂರ. ವೈಟ್ ಹೋಗಿ ಗೋಡೆ ಕಡೆ ಅಂಟಿಕೊಂಡಿತ್ತು. ಮೋಟು ಕೊಡ್ರೋ ಅಂದ. ಮಾರ್ಕರ್ ಅಣ್ಣ ಕೊಟ್ಟರು. ಚಾಕ್ ಹಚ್ಚಿದ, ಬಗ್ಗಿದ, ಎದ್ದ, ಮತ್ತೆ ಹಚ್ಚಿದ. ಆಚೆ ಮಿಷಿನ್ ಸದ್ದು ಕೂಡ ಆ ಹೊತ್ತಿಗೆ ನಿಂತಿತ್ತು. ಬ್ಲ್ಯಾಕ್ ಬಿತ್ತು, ಅದರ ಹಿಂದೆಯೇ ವೈಟೂ ಮೆಲ್ಲಗೆ ಹೋಗಿ ಮೂಲೆಯ ಪಾಕೆಟ್‌ಗೆ ಬಿತ್ತು. ಬ್ಲ್ಯಾಕ್ ಜೊತೆ ವೈಟ್ ಬಿದ್ದರೆ ಗೇಮ್ ಸೋತ ಹಾಗೆ.

ತಕರಾರೂ ಇವೆ. ಫೌಲ್ ಆದರೆ ಒಂದು ಕಡೆ ವೈಟನ್ನು ಎಲ್ಲಿ ಬೇಕಾದರೂ ಇಡಬಹುದು, ಇನ್ನೊಂದು ಕಡೆ ಟೇಬಲ್ ಮೇಲಿನ ಗೆರೆಯ ಹಿಂದೆಯೇ ಇಡಬೇಕು. ಬೇರೊಂದು ಊರಿನ ಟೂರ್ನಮೆಂಟ್‌ನಲ್ಲಿ ಇದೇ ವಿಷಯಕ್ಕೆ ನಾನು ಮೊದಲ ಸುತ್ತಿನಲ್ಲೇ ಹೊರಗೆ ಬಿದ್ದೆ. ನಿಯಮವನ್ನು ಆಟದ ಮಧ್ಯೆ ಹೇಳಿದರು. ಆಮೇಲಿಂದ ಹೋದಲ್ಲೆಲ್ಲ ಮೊದಲು ಅದನ್ನೇ ಕೇಳುತ್ತೇನೆ. ಬಳ್ಳಾರಿಯ ಧೂಳು ಇನ್ನೊಂದು ತಕರಾರು. ಕಿಟಕಿ ತೆಗೆದರೆ ಹಸಿರು ಬಟ್ಟೆಯ ಮೇಲೆ ಕೆಂಪು ಪುಡಿ ಕೂರುತ್ತದೆ, ಮುಚ್ಚಿದರೆ ಏಪ್ರಿಲ್‌ನಲ್ಲಿ ಕೂರೋದೇ ಕಷ್ಟ. ಮಾರ್ಕರ್ ಅಣ್ಣ ಎರಡು ಮ್ಯಾಚ್‌ಗೊಮ್ಮೆ ಬ್ರಷ್ ಹೊಡೆಯುತ್ತಾರೆ, ಒಂದೇ ದಿಕ್ಕಿಗೆ, ಬೇರೆಯವರ ಕೈಗೆ ಕೊಡಲ್ಲ.

ಆ ದೊಡ್ಡ ಟೇಬಲ್ ಎಲ್ಲಿ ಹೋಯಿತು ಅಂತ ಹೊಸ ಹುಡುಗರು ಕೇಳುತ್ತಿರುತ್ತಾರೆ. ಮರ ಮಾರಿದರು, ಬಟ್ಟೆ ಹರಿದಿತ್ತು. ಕೆಳಗಿನ ಸ್ಲೇಟ್ ಕಲ್ಲು ಐದು ತುಂಡು, ಒಂದೊಂದೂ 150 ಕಿಲೋ ಮೇಲೆ. ಇಳಿಸುವ ಕೂಲಿ ಕೇಳಿ ಮಾಲೀಕರು ಅಲ್ಲೇ ಬಿಟ್ಟರು. ನಾಲ್ಕು ತುಂಡು ಮೆಟ್ಟಿಲ ಬದಿಗೆ ಒರಗಿವೆ. ಐದನೆಯದನ್ನು ಇಟ್ಟಿಗೆ ಮೇಲೆ ಮಲಗಿಸಿದ್ದಾರೆ. ಸೋತವರು ಅದರ ಮೇಲೆ ಕೂತು ಟೀ ಕುಡಿಯುತ್ತಾರೆ.